ಎಡಕ್ಕೆ ಹೊಳೆ, ಬಲಕ್ಕೆ ಕಡಲು

ಮುರುಡೇಶ್ವರದಲ್ಲಿ ಡಿಕ್ಕಿಗೆ ಲಗೇಜು ತುಂಬುವಾಗಲೇ ಇವರದು ತಾಕೀತು: "ಮೂರೂವರೆಗೆ ಏರ್‌ಪೋರ್ಟಿನಲ್ಲಿರಬೇಕು ಕಣೇ. ದಾರಿಯಲ್ಲಿ ಎಲ್ಲೂ ಇಳಿಯುವ ಹಾಗಿಲ್ಲ." ಗೋವಾದಲ್ಲಿ ಬಾಡಿಗೆಗೆ ಹಿಡಿದ ಕಾರನ್ನು ಮಂಗಳೂರಿನಲ್ಲಿ ಒಪ್ಪಿಸಿ, ರಾತ್ರಿಯೊಳಗೆ ಮುಂಬಯಿಯ ಮನೆ ಸೇರಬೇಕು. ಇರಲಿ, ಸ್ಟೀರಿಂಗ್ ನನ್ನ ಕೈಯಲ್ಲಿದೆ.

ಭಟ್ಕಳ ಹಿಂದಾಗುತ್ತದೆ. ಶಿರೂರು, ಒತ್ತಿನೆಣೆಯ ಗುಡ್ಡ, ಬೈಂದೂರು. ನಾವುಂದ ಕಳೆದು ಸ್ವಲ್ಪ ಹೊತ್ತಿಗೆ ಬಲಗಡೆಯ ಮನೆ, ತೋಟಗಳೆಲ್ಲ ಒಮ್ಮೆಲೇ ಮುಗಿದುಹೋಗಿ ಕಡಲು ಕಿಟಕಿಗೇ ಬಂದು ನಿಲ್ಲುತ್ತದೆ. ಎಡಕ್ಕೆ ನೋಡಿದರೆ ಸೌಪರ್ಣಿಕೆ. ನಡುವೆ ಈ ಹೆದ್ದಾರಿ 66. ಮರವಂತೆ.

ಬ್ಲಿಂಕರ್ ಹಾಕುತ್ತೇನೆ. ಇವರು ಗಡಿಯಾರ ನೋಡುತ್ತಾರೆ, ಮಾತಾಡುವುದಿಲ್ಲ.

ಬಾಗಿಲು ತೆಗೆದದ್ದೇ ಉಪ್ಪುಗಾಳಿ ಮುಖಕ್ಕೆ ಅಂಟುತ್ತದೆ. ಕಡಲ್ಕೊರೆತಕ್ಕೆ ತಡೆಯಾಗಿ ಸುರಿದ ಬಂಡೆಗಳ ಸಂದಿಯಲ್ಲಿ ಅಲೆ ನುಗ್ಗಿ, ಒಳಗೆಲ್ಲೋ ಗುಡುಗಿ, ನೊರೆಯಾಗಿ ಸೋರುತ್ತದೆ. ಹೆಬ್ಬೆರಳಿನುದ್ದದ ಏಡಿಯೊಂದು ಬಂಡೆಯ ಒದ್ದೆಯಂಚಿನಲ್ಲಿ ಅಡ್ಡಡ್ಡ ಓಡುತ್ತದೆ, ಅಲೆ ಬಂದಾಗ ಬಿರುಕಿಗೆ ಸೇರುತ್ತದೆ, ಹೋದೊಡನೆ ಮತ್ತೆ ಹೊರಗೆ. ಲಾರಿಗಳಿಗೆ ಕಾದು ರಸ್ತೆ ದಾಟಿದರೆ ಬೇರೆಯದೇ ಲೋಕ. ಹೊಳೆಯಲ್ಲಿ ಸದ್ದೇ ಇಲ್ಲ. ಕುದುರುವಿನ ತೆಂಗು ತಲೆಕೆಳಗಾಗಿ ನೀರಿನಲ್ಲಿ ನಿಂತಿದೆ, ಒಂದು ಬೆಳ್ಳಕ್ಕಿ ಅದರ ಪಕ್ಕದಲ್ಲಿ.

ಘಟ್ಟದಿಂದ ಕೊಲ್ಲೂರಿನ ಮೇಲಾಗಿ ಇಳಿದು ಬಂದ ಹೊಳೆ ಇದು. ಕಡಲು ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಸೇರದೆ ತಿರುಗಿ, ಗಂಗೊಳ್ಳಿಯವರೆಗೂ ಹರಿದು, ವಾರಾಹಿ, ಚಕ್ರ ಮೊದಲಾದ ನದಿಗಳನ್ನು ಕೂಡಿಕೊಂಡು ಪಂಚಗಂಗಾವಳಿಯಾಗಿಯೇ ಸಮುದ್ರ ಮುಟ್ಟುತ್ತದೆ. ಬೆರಳದ್ದಿ ನಾಲಿಗೆಗೆ ತಾಗಿಸುತ್ತೇನೆ. ತುಸು ಉಪ್ಪು! ಹೊಳೆ ಹೋಗದಿದ್ದರೇನು, ಅಳಿವೆಯಿಂದ ಕಡಲೇ ಇಲ್ಲಿಯವರೆಗೆ ಏರಿ ಬಂದಿದೆ.

"ಹ್ವಾಯ್, ಮಳಿ ಬತ್ತಿತ್ ಕಾಣಿ," ಬಲೆ ಬಿಡಿಸುತ್ತಿದ್ದ ಅಜ್ಜ ಪಡುವಣಕ್ಕೆ ಗದ್ದ ತೋರಿಸುತ್ತಾರೆ. ನೀರಿನ ಮೇಲೆ ಬೂದಿಬಣ್ಣದ ಪರದೆ ನಡೆದು ಬರುತ್ತಿದೆ. ನಾವು ಓಡುತ್ತೇವೆ. ಇವರ ಪ್ಯಾಂಟಿನ ಅಂಚೂ ಒದ್ದೆ. ಯಾವಾಗ ನೀರಿಗಿಳಿದರೋ!

ಆಮೇಲಿನದೆಲ್ಲ ವೈಪರಿನ ಹಿಂದಿನ ದಾರಿ. ಕುಂದಾಪುರ, ಬ್ರಹ್ಮಾವರ, ಉಡುಪಿ. ಊಟ ಹೋಯಿತು, ನಿನ್ನೆಯ ಬನ್ಸೇ ಗತಿ. ಕಟಪಾಡಿಯಲ್ಲಿ ಮಾತ್ರ ಇವರೇ ನಿಲ್ಲಿಸು ಅನ್ನುತ್ತಾರೆ, ಶಂಕರಪುರ ಮಲ್ಲಿಗೆಗೆ. ಇಲ್ಲಿ ಮೊಳದ ಲೆಕ್ಕವಿಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಬಿಗಿ ಮೊಗ್ಗುಗಳು. ಒಂದು ಚೆಂಡನ್ನು ಎಲೆಯಲ್ಲಿ ಸುತ್ತಿ ಕೊಡುತ್ತಾರೆ.

ಮೂಲ್ಕಿ, ಸುರತ್ಕಲ್, ಟ್ರಾಫಿಕ್ಕು. ಗುಡ್ಡದ ನೆತ್ತಿಯ ನಿಲ್ದಾಣಕ್ಕೆ ಕಾರು ಏರುವಾಗ ಮೂರು ಐವತ್ತು. ಬೈಗುಳ ಬರುವುದಿಲ್ಲ. ಒದ್ದೆ ಪ್ಯಾಂಟಿನವರು ಏನೆಂದಾರು?

ವಿಮಾನ ಏಳುತ್ತದೆ. ನಮ್ಮದು ಎಡಗಡೆಯ ಸೀಟು, ಕೆಳಗೆ ಬರೀ ನೀರು. ಆರು ದಿನ ಬಂದ ದಾರಿಯೆಲ್ಲ ಬಲಗಡೆಯವರ ಪಾಲು. ಬ್ಯಾಗಿನೊಳಗೆ ಮೊಗ್ಗು ಬಿರಿಯತೊಡಗಿದೆ, ಮುಂದಿನ ಸಾಲಿನವರು ಹಿಂದಿರುಗಿ ನೋಡುತ್ತಾರೆ.

ನೀವು ಹೋಗುವುದಾದರೆ ಬಲಗಡೆಯ ಕಿಟಕಿ ಕೇಳಿ ಪಡೆಯಿರಿ. ಮರವಂತೆಯನ್ನು ಮಾತ್ರ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.