ಅಜ್ಜಿಗೆ ಹೇಳಿ ನೋಡಿ

ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ನಮ್ಮ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಆಂಟಿ, ಎಂಬಿಬಿಎಸ್, ನರ್ಸಿಂಗ್ ಅಂದ್ರೆ ರಾಶಿ ರಾಶಿ ಓದೋದಿರುತ್ತಲ್ಲ, ಅದನ್ನೆಲ್ಲ ನೆನಪಿಟ್ಟುಕೊಳ್ಳೋದು ಹೇಗೆ?” ದೆಹಲಿಯಲ್ಲಿ ಬಹಳ ವರ್ಷ ನರ್ಸಿಂಗ್ ಪಾಠ ಹೇಳಿದವಳಾದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ.

ಮೊದಲು, ಪುಸ್ತಕ ಮುಚ್ಚುವುದನ್ನು ಕಲಿಯಿರಿ. ಅದೇ ಪುಟವನ್ನು ಗೆರೆ ಎಳೆದು ನಾಲ್ಕು ಸಲ ಓದಿದರೆ ಎಲ್ಲವೂ ಬಂದಂತೆ ಅನಿಸುತ್ತದೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಪರೀಕ್ಷಿಸಿ ನೋಡಿದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿನಿಂದ ಬರೆದಿದ್ದವರು ಅವರನ್ನು ಹಿಂದೆ ಹಾಕಿದ್ದರು.

ಆದರೆ ನೆನಪಿದ್ದರಷ್ಟೇ ಸಾಲದು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳುತ್ತಾರಲ್ಲ, ಆ ಮುಕ್ಕಾಲು ಸಿಗುವುದು ರೋಗಿಯ ಬಳಿ. 1956ರಲ್ಲಿ ಸ್ಥಾಪನೆಯಾದ ನಮ್ಮ ಏಮ್ಸ್, 1965ರಲ್ಲೇ ಹರಿಯಾಣದ ಬಲ್ಲಭಗಢದಲ್ಲಿ ಗ್ರಾಮೀಣ ಆರೋಗ್ಯ ಯೋಜನೆ ಆರಂಭಿಸಿ ವಿದ್ಯಾರ್ಥಿಗಳನ್ನು ಹಳ್ಳಿಯ ಜನರ ನಡುವೆ ಕಲಿಯಲು ಕಳಿಸಿತು. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮವೂ ಮೊದಲ ವರ್ಷದಿಂದಲೇ ರೋಗಿಗಳೊಡನೆ ಮಾತನಾಡುವುದನ್ನು ಕಲಿಸಬೇಕೆನ್ನುತ್ತದೆ.

ಇದರ ಅಗತ್ಯವೇನೆಂದು ಒಮ್ಮೆ ಫರೀದಾಬಾದ್ ಕಡೆಯ ಹಳ್ಳಿಯೊಂದರಲ್ಲಿ ಕಣ್ಣಾರೆ ಕಂಡೆ. ನನ್ನ ವಿದ್ಯಾರ್ಥಿನಿ ಭೇದಿಯಾಗುತ್ತಿದ್ದ ಮಗುವಿನ ತಾಯಿಗೆ ಓಆರ್‌ಎಸ್ ಬಗ್ಗೆ ಸೊಗಸಾಗಿ ವಿವರಿಸಿದಳು. “ಸಮಝ್ ಗಯೀ?” ಎಂದಾಗ “ಹಾಂ ಜೀ” ಎಂಬ ಉತ್ತರವೂ ಬಂತು. “ಈಗ ಅವರಿಂದಲೇ ಮಾಡಿಸು” ಎಂದೆ. ಒಂದು ಲೀಟರ್ ನೀರಿಗೆ ಹಾಕಬೇಕಾದ ಪೊಟ್ಟಣವನ್ನು ಆ ತಾಯಿ ಒಂದೇ ಲೋಟಕ್ಕೆ ಸುರಿದುಬಿಟ್ಟರು! ಅಷ್ಟು ಉಪ್ಪು ಎಳೆಯ ಮಗುವಿಗೆ ಅಪಾಯ. ಹುಡುಗಿ ಬೇಸರಿಸದೆ ಆ ಮನೆಯ ಲೋಟದಿಂದಲೇ ನೀರು ಅಳೆಸಿ, ತಾಯಿಯ ಕೈಯಿಂದಲೇ ಇನ್ನೊಮ್ಮೆ ಮಾಡಿಸಿದಳು. ತಲೆಯಾಡಿಸಿದವರಿಗೆಲ್ಲ ಅರ್ಥವಾಗಿದೆ ಎಂದಲ್ಲ. ಹೇಳಿದ್ದನ್ನು ಅವರು ಮರಳಿ ಹೇಳಬೇಕು, ಮಾಡಿ ತೋರಿಸಬೇಕು.

ಈ ಅಭ್ಯಾಸಕ್ಕೆ ನಿಮಗೆ ಮನೆಯಲ್ಲೇ ಅನುಕೂಲವಿದೆ. “ಬಿಪಿ ಮಾತ್ರೆಯನ್ನು ಹುಷಾರಾಗಿದ್ದರೂ ದಿನಾ ಯಾಕೆ ನುಂಗಬೇಕು?” ಎಂಬುದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ ನೋಡಿ. ಅಲ್ಲಿ ‘ಹೈಪರ್‌ಟೆನ್ಷನ್’ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ತಡವರಿಸಿದಿರೋ, ಒಂದೋ ಪಾಠ ಇನ್ನೂ ತಿಳಿದಿಲ್ಲ, ಇಲ್ಲವೇ ಕನ್ನಡ ಪದ ಗೊತ್ತಿಲ್ಲ. ಎರಡನ್ನೂ ಕಲಿಯಬಹುದು. ಆಮೇಲೆ, “ಅಜ್ಜೀ, ಈಗ ನೀವು ನನಗೆ ಹೇಳಿ” ಎನ್ನಿ. ಅಜ್ಜಿಯಿಂದ ನೀವು ಕಲಿಯುವುದೂ ಇದೆ. ತಲೆ ಸುತ್ತುವುದು ಬೇರೆ, ಕಣ್ಣು ಕತ್ತಲೆ ಬರುವುದು ಬೇರೆ, ಬರೀ ಸುಸ್ತು ಬೇರೆ. ರೋಗಿ ಯಾವುದನ್ನು ಹೇಳುತ್ತಿದ್ದಾರೆ ಎಂಬುದರ ಮೇಲೆ ಮುಂದಿನ ತಪಾಸಣೆಯೇ ಬದಲಾಗುತ್ತದೆ.

ಊರಿನಿಂದ ಚಿಕಿತ್ಸೆಗೆಂದು ದೆಹಲಿಗೆ ಬಂದ, ಹಿಂದಿ ಬಾರದ ಹಿರಿಯರೊಬ್ಬರು ನಾಳೆ ನಿಮ್ಮ ವಾರ್ಡಿಗೇ ಬಂದಾರು. ಅವರ ಸಂಕಟವನ್ನು ಅವರದೇ ಮಾತಿನಲ್ಲಿ ಕೇಳಿಸಿಕೊಳ್ಳುವವರು ನೀವಾಗಿರಲಿ ಎಂಬುದು ನನ್ನ ಹಾರೈಕೆ.