ಬಿಟ್ಟಿ ಬಿದ್ದವರು

ತಮ್ಮನಾದವನು ಯಾವ ಹೊತ್ತಿನಲ್ಲಿ ಬಂದು ತಲೆ ತಿನ್ನುತ್ತಾನೆಂದು ಹೇಳಲು ಬರುವುದಿಲ್ಲ. 1920ರ ಸುಮಾರಿಗೆ ಚೆಕ್ ಲೇಖಕ ಕಾರೆಲ್ ಚಾಪೆಕ್ ಹೀಗೇ, ಚಿತ್ರ ಬರೆಯುತ್ತ ನಿಂತಿದ್ದ ಅಣ್ಣ ಯೋಸೆಫ್‌ನ ಬಳಿ ಓಡಿಬಂದ. ನಾಟಕವೊಂದು ಹೊಳೆದಿದೆ, ಅದರಲ್ಲಿ ಕಾರ್ಖಾನೆಯಲ್ಲೇ ತಯಾರಾಗುವ ಆಳುಗಳಿದ್ದಾರೆ, ಹೆಸರು ಮಾತ್ರ ಸಿಗುತ್ತಿಲ್ಲ. ‘ಲಾಬೊರಿ’ ಎನ್ನೋಣವೆಂದರೆ ತೀರಾ ಪುಸ್ತಕದ ಮಾತಾಗುತ್ತದೆ. ಅಣ್ಣನ ಬಾಯಲ್ಲಿ ಕುಂಚ. ಅದನ್ನು ತೆಗೆಯುವ ಗೋಜಿಗೂ ಹೋಗದೆ, ರೋಬೋಟ್ ಅಂತ ಕರಿ ಎಂದು ಗೊಣಗಿ ಮತ್ತೆ ಚಿತ್ರಕ್ಕೆ ತಿರುಗಿದ.

ಈ ಋಣವನ್ನು ತಮ್ಮ 1933ರಲ್ಲಿ ಪತ್ರಿಕೆಯಲ್ಲಿ ಬರೆದು ಒಪ್ಪಿಕೊಂಡ. ಲೋಕ ಮಾತ್ರ ಇವತ್ತಿಗೂ ತಮ್ಮನ ಖಾತೆಗೇ ಜಮಾ ಮಾಡುತ್ತದೆ. ಕಾರೆಲ್ 1938ರ ಕ್ರಿಸ್‌ಮಸ್ ದಿನ ತೀರಿಕೊಂಡ. ಮರುವರ್ಷ ಯೋಸೆಫ್‌ನನ್ನು ನಾಜಿಗಳು ಹಿಡಿದೊಯ್ದರು. ಶಿಬಿರದಿಂದ ಶಿಬಿರಕ್ಕೆ ಸಾಗಿಸಿದರು. 1945ರಲ್ಲಿ, ಯುದ್ಧ ಇನ್ನೇನು ಮುಗಿಯಿತು ಎನ್ನುವಾಗ, ಅವನು ಬೆರ್ಗನ್-ಬೆಲ್ಸನ್ನಿನಲ್ಲಿ ಕಣ್ಣುಮುಚ್ಚಿದ.

ಚೆಕ್‌ನ ‘ರೊಬೊಟಾ’ ಎಂದರೆ ಒಕ್ಕಲುಮಕ್ಕಳು ಧಣಿಯ ಹೊಲದಲ್ಲಿ ಕೂಲಿಯಿಲ್ಲದೆ ಗೇಯಬೇಕಿದ್ದ ದುಡಿಮೆ. ಅಲ್ಲಿ ಆ ಪದ್ಧತಿ 1848ರಲ್ಲಿ ರದ್ದಾಯಿತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಶಾಸನಗಳಲ್ಲೇ ‘ಬಿಟ್ಟಿ’ ಇದೆ; ‘ನಾನೇನು ಬಿಟ್ಟಿ ಬಿದ್ದಿದೀನಾ?’ ಎಂದು ಮನೆಮನೆಯಲ್ಲೂ ದಿನಕ್ಕೊಮ್ಮೆಯಾದರೂ ಯಾರಾದರೂ ಸಿಡುಕುತ್ತಾರೆ.

ಈಗ ಯಾವ ಫಾರಂ ತುಂಬಲು ಹೋದರೂ ಕಂಪ್ಯೂಟರು ನನ್ನಿಂದ ‘ನಾನು ರೋಬೋಟ್ ಅಲ್ಲ’ ಎಂದು ಪ್ರಮಾಣ ಮಾಡಿಸುತ್ತದೆ. ಬಾಯಿಮಾತು ಸಾಲದು, ಚೌಕ ಚೌಕವಾಗಿ ಕತ್ತರಿಸಿಟ್ಟ ಚಿತ್ರದಲ್ಲಿ ಟ್ರಾಫಿಕ್ ಸಿಗ್ನಲ್ ಎಲ್ಲಿದೆ ಎಂದು ತೋರಿಸಬೇಕು. ದೀಪ ಸರಿ, ಕಂಬವೂ ಸಿಗ್ನಲ್ಲೇ? ಈ ಧರ್ಮಸೂಕ್ಷ್ಮ ನನಗಿನ್ನೂ ಬಗೆಹರಿದಿಲ್ಲ. ಹಿಂದೆ ಇಂಥದೇ ಪರೀಕ್ಷೆಯ ನೆಪದಲ್ಲಿ, ಯಂತ್ರಕ್ಕೆ ಓದಲಾಗದ ಹಳೇ ಪುಸ್ತಕಗಳ ಪದಗಳನ್ನು ನಮ್ಮಿಂದ ಓದಿಸಿಕೊಂಡರು. ರೋಬೋಟ್ ಅಲ್ಲವೆಂದು ಸಾಬೀತು ಮಾಡಲು ರೊಬೊಟಾ! ಕೂಲಿ ಕೇಳಿದವರನ್ನು ನಾನು ಕಂಡಿಲ್ಲ.

ಚಾಪೆಕ್‌ನ ‘ಆರ್.ಯು.ಆರ್.’ ನಾಟಕದ ರೋಬೋಟ್‌ಗಳು ಕಬ್ಬಿಣ ತಗಡಿನವಲ್ಲ. ತೊಟ್ಟಿಯಲ್ಲಿ ಹಿಟ್ಟು ಕಲಸಿದಂತೆ ಕಲಸಿ ಮಾಡಿದ, ನೋಡಲು ನಮ್ಮಂತೆಯೇ ಇರುವ ಆಳುಗಳು. ಗೇದು ಗೇದು ರೊಚ್ಚಿಗೆದ್ದು ಮನುಷ್ಯರನ್ನೆಲ್ಲ ಮುಗಿಸಿಬಿಡುತ್ತವೆ. ಆಲ್ಕ್ವಿಸ್ಟ್ ಎಂಬ ಮನೆ ಕಟ್ಟುವವನೊಬ್ಬನನ್ನು ಮಾತ್ರ ಉಳಿಸುತ್ತವೆ. ಅವನೂ ತಮ್ಮ ಹಾಗೆ ಕೈಯಾರೆ ದುಡಿಯುತ್ತಾನೆ ಎಂಬ ಕಾರಣಕ್ಕೆ.

ನನಗೆ ಇಟ್ಟಿಗೆ ಇಡಲು ಬರುವುದಿಲ್ಲ. ಸಿಗ್ನಲ್ ಗುರುತಿಸಿದ್ದು ಕೈಕೆಲಸದ ಲೆಕ್ಕಕ್ಕೆ ಬರುತ್ತದೋ ಏನೋ, ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.