ಮೋಯಾರಿನ ದಾರಿಯಲ್ಲಿ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರಶ್ನೆ ಕೊಟ್ಟರೆ, ನಮ್ಮ ವಿದ್ಯಾರ್ಥಿಗಳು ಬೇಲೂರು, ಹಳೇಬೀಡು, ಮೈಸೂರು ಅರಮನೆಗಳ ಹೆಸರು ಬರೆದು ಮುಗಿಸುತ್ತಾರೆ. ತಪ್ಪೇನಿಲ್ಲ. ಆದರೆ ದೇಶ ಸುತ್ತಲು ದೂರ ಹೋಗಬೇಕೆಂಬ ನಿಯಮವೂ ಇಲ್ಲ. ನಮ್ಮ ಗುಂಡ್ಲುಪೇಟೆ ಸೀಮೆಗೆ ತಾಗಿಕೊಂಡೇ ಇರುವ ನೀಲಗಿರಿಯ ಒಂದು ಗಡಿ ಊರಿಗೆ ನಾವು ಕೈಗೊಂಡ ಪ್ರಯಾಣವನ್ನು ಇಲ್ಲಿ ಹೇಳುತ್ತೇವೆ.

2024ರ ದಸರಾ ರಜೆ ಮುಗಿದು ಶಾಲೆ ತೆರೆದರೂ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಬರಲಿಲ್ಲ. ಅವನ ಹೆಸರು ಬೇಡ. ಅವನ ತಂದೆತಾಯಿಗಳು ಮೋಯಾರಿನಲ್ಲಿದ್ದಾರೆ. ಅವನು ಇಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ದೀಪಾವಳಿಯೂ ಕಳೆಯಿತು. ಅಜ್ಜಿಯನ್ನು ವಿಚಾರಿಸಿದರೆ, “ಅವರಪ್ಪ ಕಳಿಸಲ್ವಂತೆ ಮೇಷ್ಟ್ರೇ” ಎಂದು ಕಣ್ಣೊರೆಸಿಕೊಂಡರು. ಫೋನು ಮಾಡಿದರೆ ಸಿಗುತ್ತಿರಲಿಲ್ಲ. ನವೆಂಬರಿನ ಒಂದು ಶನಿವಾರ ಉದಕಮಂಡಲದಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ನಾಮಕರಣವಿತ್ತು. ಅದನ್ನು ಮುಗಿಸಿಕೊಂಡು ಭಾನುವಾರ ಹಾಗೆಯೇ ಮೋಯಾರಿಗೆ ಹೋಗಿ ಬರುವುದೆಂದು ತೀರ್ಮಾನಿಸಿದೆವು. ಮನೆಯವರು ಉದಕಮಂಡಲದಲ್ಲೇ ಉಳಿದರು. ನಮ್ಮ ಹಳೆಯ ಮಾರುತಿ ಕಾರಿನಲ್ಲಿ ನಾವೊಬ್ಬರೇ ಹೊರಟೆವು.

ಉದಕಮಂಡಲದಿಂದ ಮಸಿನಗುಡಿಗೆ ಕಲ್ಹಟ್ಟಿ ಘಾಟಿಯ ಮೂಲಕ ಸುಮಾರು 30 ಕಿಲೋಮೀಟರ್. ಆದರೆ ಆ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ, ಇಳಿಜಾರೂ ಬಹಳ ಕಡಿದು. 2018ರ ಅಕ್ಟೋಬರಿನಲ್ಲಿ ಚೆನ್ನೈ ಕಡೆಯವರ ಕಾರೊಂದು ಅಲ್ಲಿ ಕೆಳಗುರುಳಿ ಐವರು ತೀರಿಕೊಂಡರು. ಕಾರು ಬಿದ್ದಿರುವ ಸಂಗತಿಯೇ ಎರಡು ದಿನ ಯಾರಿಗೂ ತಿಳಿಯಲಿಲ್ಲ. ಆ ಮೇಲೆ ಹೊರಗಿನ ಗಾಡಿಗಳು ಆ ದಾರಿಯಲ್ಲಿ ಕೆಳಗಿಳಿಯುವುದನ್ನು ತಡೆದರು. ಹೀಗಾಗಿ ನಾವು ಪೈಕಾರ, ನಡುವಟ್ಟಂ, ಗೂಡಲೂರು, ತೆಪ್ಪಕಾಡು ಎಂದು ಎರಡು ಪಟ್ಟಿಗೂ ಹೆಚ್ಚು ದೂರ ಬಳಸಿ ಹೋಗಬೇಕಾಯಿತು.

ಬೆಟ್ಟದ ರಸ್ತೆಯಲ್ಲಿ ಒಬ್ಬರೇ ಗಾಡಿ ಓಡಿಸುವಾಗ ಮಾತನಾಡಲು ಜೊತೆಗಾರರಿಲ್ಲ. ಕಣ್ಣು ಕಿವಿಗಳೆರಡೂ ರಸ್ತೆಯ ಮೇಲೆಯೇ ಇರುತ್ತವೆ. ಉದಕಮಂಡಲ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಗೂಡಲೂರು ಅದರ ಅರ್ಧದಷ್ಟು ಎತ್ತರದಲ್ಲಿ. ಇಷ್ಟು ಇಳಿಯುವಾಗ ಬ್ರೇಕನ್ನೇ ತುಳಿಯುತ್ತ ಬಂದರೆ ಅದು ಕಾದು ಕೈಕೊಡುತ್ತದೆ. ಎರಡನೆಯ ಗೇರಿನಲ್ಲಿಟ್ಟು ಎಂಜಿನ್ನಿನ ಬಿಗಿತದಿಂದಲೇ ಗಾಡಿಯನ್ನು ತಡೆಹಿಡಿಯಬೇಕು. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕು, ಏಕೆಂದರೆ ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟ. ನಡುವಟ್ಟಂ ದಾಟಿದ ಮೇಲೆ ಮಂಜು ಕವಿಯಿತು. ಮಳೆಗೆ ಕುಸಿದ ಮಣ್ಣು ಒಂದೆಡೆ ರಸ್ತೆಯ ಅರ್ಧಕ್ಕೆ ಬಂದಿತ್ತು. ಕೆಳಗಿನಿಂದ ಒಂದು ಸರ್ಕಾರಿ ಬಸ್ಸು ದೀಪ ಹಾಕಿಕೊಂಡು ಬಂತು. ನಾವು ಬದಿಗೆ ನಿಂತೆವು. ಚಾಲಕರು ಕೈಯೆತ್ತಿ ಮುಂದೆ ಹೋದರು.

ಈ ನಡುವಟ್ಟದಲ್ಲಿಯೇ 1860ರ ದಶಕದಲ್ಲಿ ಸಿಂಕೋನಾ ತೋಟಗಳನ್ನು ಬೆಳೆಸಿದರು. ಅದರ ತೊಗಟೆಯಿಂದಲೇ ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಬರುತ್ತಿತ್ತು. ಅದಕ್ಕೆ ಹಿಂದೆ ಸಿಕ್ಕುವ ಪೈಕಾರ ನದಿಯ ನೀರನ್ನು ಸಿಂಗಾರದ ಕಡೆಗೆ ಧುಮುಕಿಸಿ 1932ರಿಂದ ವಿದ್ಯುತ್ತು ತೆಗೆಯುತ್ತಿದ್ದಾರೆ. ಈ ಪೈಕಾರವೇ ಬೆಟ್ಟ ಇಳಿದ ಮೇಲೆ ಮೋಯಾರು ಎನಿಸಿಕೊಳ್ಳುತ್ತದೆ. ಮುದುಮಲೆಗೂ ಬಂಡೀಪುರಕ್ಕೂ, ಎಂದರೆ ತಮಿಳುನಾಡಿಗೂ ಕರ್ನಾಟಕಕ್ಕೂ ಗಡಿಯಾಗಿ ಹರಿದು ಭವಾನಿಸಾಗರ ಸೇರುತ್ತದೆ. ಅಲ್ಲಿಂದ ಮುಂದೆ ಭವಾನಿಯಾಗಿ ಕಾವೇರಿಗೆ.

ಗೂಡಲೂರಿನ ಚಹದಂಗಡಿಯಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ಕಿವಿಗೆ ಬಿದ್ದವು. ಮೇಲೆ ಬೆಟ್ಟದಲ್ಲಿ ಕೇಳಿದ್ದು ಬಡಗರ ಮಾತು. ಬಡಗ ಎಂದರೆ ಉತ್ತರ ದಿಕ್ಕು. ಹಿಂದೆ ಮೈಸೂರು ಸೀಮೆಯಿಂದ ಬಂದವರಾದ್ದರಿಂದ ಆ ಹೆಸರೆಂದು ಹೇಳುತ್ತಾರೆ. ಆ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ದೊಡ್ಡಬೆಟ್ಟ, ಕಲ್ಹಟ್ಟಿ, ಮಾವನಹಳ್ಳ ಎಂಬ ಹೆಸರುಗಳನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ತೆಪ್ಪಕಾಡಿನಲ್ಲಿ ಬಲಕ್ಕೆ ತಿರುಗಿ ಮಸಿನಗುಡಿ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಲ್ಲಿಂದ ಮೋಯಾರಿಗೆ ಹೋಗುವ ರಸ್ತೆ ಕಾಡಿನೊಳಗಿನದು. ಗುಂಡಿಗಳನ್ನು ತಪ್ಪಿಸಿಕೊಂಡು ನಡಿಗೆಯ ವೇಗದಲ್ಲಿ ಹೋಗುತ್ತಿದ್ದೆವು. ಒಂದು ತಿರುವಿನಾಚೆ ರಸ್ತೆಯಲ್ಲೇ ಎರಡು ಹೆಣ್ಣಾನೆಗಳು, ನಡುವೆ ಒಂದು ಮರಿ. ಹಿಂದೆ ಮುಂದೆ ಬೇರೆ ಗಾಡಿಗಳಿಲ್ಲ. ದೂರದಲ್ಲೇ ನಿಲ್ಲಿಸಿ, ಹಾರನ್ ಹಾಕದೆ, ಕೆಳಗಿಳಿಯದೆ ಕುಳಿತೆವು. ಎದೆ ಡವಡವ ಎನ್ನುತ್ತಿತ್ತು. ಇಪ್ಪತ್ತು ನಿಮಿಷ ಅವು ಹುಲ್ಲು ಕಿತ್ತು ಮಣ್ಣು ಕೊಡವಿ ತಿಂದು, ತಮ್ಮ ಪಾಡಿಗೆ ತಾವು ಲಂಟಾನದೊಳಗೆ ಮರೆಯಾದವು.

ಊರಿನ ಅಂಚಿಗೆ ಬಂದರೆ ಕೆಳಗೆ ಮೋಯಾರಿನ ಆಳವಾದ ಕಮರಿ, ಆಚೆ ದಡದಲ್ಲಿ ಕರ್ನಾಟಕದ ಕಾಡು. ಕಣ್ಣಿಗೆ ಅಷ್ಟು ಹತ್ತಿರ. ಆದರೆ ಅಲ್ಲಿಂದ ನಮ್ಮ ಶಾಲೆಗೆ ಬರಲು ಮಸಿನಗುಡಿ, ತೆಪ್ಪಕಾಡು, ಕೆಕ್ಕನಹಳ್ಳ, ಬಂಡೀಪುರ ಎಂದು ಸುತ್ತಿ ಬರಬೇಕು. ಆ ಹುಡುಗ ಪ್ರತಿ ರಜೆಗೂ ಬಂದು ಹೋಗುವ ದಾರಿ ಅದೇ.

ಹುಡುಗ ದನ ಹೊಡೆದುಕೊಂಡು ಹೋಗಿದ್ದ. ತಾಯಿ ನೀರು ಕೊಟ್ಟು, ರಾಗಿಮುದ್ದೆ ಸೊಪ್ಪಿನ ಸಾರು ಬಡಿಸಿದರು. ತಂದೆಗೆ ಕಾಲುನೋವು, ಕಾಡಿಗೆ ಹೋಗಲಾರರು. ದನದ ಗೊಬ್ಬರ ಮಾರಿಯೇ ಸಂಸಾರ ನಡೆಯಬೇಕು. ಅದಕ್ಕಿಂತ ದೊಡ್ಡ ಚಿಂತೆಯನ್ನು ಅವರು ಊಟವಾದ ಮೇಲೆ ಹೇಳಿದರು: “ಐದ ಕನ್ನಡದಲ್ಲಿ ಓದ್ತಾನ, ಸಂತೋಷ ಕನಾ ಮೇಷ್ಟ್ರೇ. ಆದ್ರ ನಾವಿರೋದು ಈ ಕಡ. ಇಲ್ಲಿ ಒಂದು ಅರ್ಜಿ ಬರೀಬೇಕಂದ್ರೂ ತಮಿಳು ಬೇಕು. ನಾಳ ಅವ್ನು ಎತ್ಲಾಗೂ ಇಲ್ದಂಗಾದ್ರ?”

ಆ ಪ್ರಶ್ನೆಯನ್ನು ನಾವು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ನಾವು ತಾಳವಾಡಿಯ ಕಡೆ ಹುಟ್ಟಿ ಕನ್ನಡ ತಮಿಳುಗಳೆರಡನ್ನೂ ಶಾಲೆಯಲ್ಲಿ ಕಲಿತವರು. ಎರಡು ಲಿಪಿ ಕಲಿತ ಮಾತ್ರಕ್ಕೆ ನಮಗೆ ಯಾವುದೂ ಇಲ್ಲದಂತಾಗಲಿಲ್ಲ. ಅವರಿಗೆ ಹೇಳಿದೆವು: “ನಡುವೆ ಬಿಡಿಸಿದರೆ ಅವನಿಗೆ ಕನ್ನಡವೂ ಅರ್ಧ, ತಮಿಳೂ ಅರ್ಧ. ಹತ್ತನೆಯ ತರಗತಿ ಮುಗಿಸಲಿ. ಶನಿವಾರ ಶಾಲೆ ಬಿಟ್ಟ ಮೇಲೆ ತಮಿಳು ಓದು ಬರಹ ನಾವೇ ಕಲಿಸುತ್ತೇವೆ. ರಜೆಯಲ್ಲಿ ದನ ನೋಡಿಕೊಳ್ಳಲಿ.” ಅವರು ಬಹಳ ಹೊತ್ತು ಸುಮ್ಮನಿದ್ದು, “ನೋಡುಮ ಮೇಷ್ಟ್ರೇ” ಎಂದರಷ್ಟೆ. ಹೊರಡುವಾಗ ಹುಡುಗ ದನಗಳೊಡನೆ ಎದುರಾದ. ನಮ್ಮನ್ನು ಕಂಡು ನಿಂತವನು ಏನೂ ಮಾತಾಡಲಿಲ್ಲ. “ವ್ಯಾಕರಣದ ನೋಟ್ಸು ಬಾಕಿ ಇದೆಯಪ್ಪ” ಎಂದೆವು. ತಲೆಯಾಡಿಸಿದ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಆದ್ದರಿಂದ ಹೆಚ್ಚು ಹೊತ್ತು ನಿಲ್ಲದೆ ಊರಿಗೆ ಹೊರಟೆವು. ಮನೆಯವರು ಮರುದಿನ ಬಸ್ಸಿನಲ್ಲಿ ಬಂದರು.

ಎರಡನೆಯ ವಾರದ ಸೋಮವಾರ ಹುಡುಗ ತರಗತಿಯಲ್ಲಿ ತನ್ನ ಜಾಗದಲ್ಲಿ ಕುಳಿತಿದ್ದ. ಅಂದು ಆರಂಭವಾದ ಶನಿವಾರದ ತಮಿಳು ಪಾಠಕ್ಕೆ ಈಗ ಇನ್ನೂ ನಾಲ್ವರು ಬರುತ್ತಾರೆ. ಅವನು ಈ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದಾನೆ. ಅವನ ಒಪ್ಪಿಗೆ ಪಡೆದೇ ಇಷ್ಟನ್ನು ಬರೆದಿದ್ದೇವೆ.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಬೆಂಚಿನವನು ಎಷ್ಟು ತಿರುವುಗಳನ್ನು ದಾಟಿ ಬಂದು ಕುಳಿತಿದ್ದಾನೆಂಬುದನ್ನು ಒಮ್ಮೆ ಕೇಳಿ ತಿಳಿಯಿರಿ. ಪೋಷಕರೇ, ಗಡಿಯಲ್ಲಿರುವ ನಮಗೆ ಎರಡು ಭಾಷೆ ಹೊರೆಯಲ್ಲ. ಪೈಕಾರ ಮೋಯಾರಾದ ಮಾತ್ರಕ್ಕೆ ನೀರು ಕಡಿಮೆಯಾಗುವುದಿಲ್ಲ. ಮನೆಯ ಕಷ್ಟಕ್ಕೆ ಮಗುವನ್ನು ಶಾಲೆ ಬಿಡಿಸುವ ಯೋಚನೆ ಬಂದರೆ, ಬಿಡಿಸುವ ಮೊದಲು ನಮಗೊಂದು ಮಾತು ತಿಳಿಸಿ. ರಸ್ತೆ ಎಷ್ಟೇ ಕೆಟ್ಟಿರಲಿ, ನಾವು ಬರುತ್ತೇವೆ.